ಶಂಖದಿಂದ ಬಂದರೆ ತೀರ್ಥ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ವಿಲಿಯಂ ಗೋಲ್ಡಿಂಗ್ ಬರೆದ 'ಲಾರ್ಡ್ ಆಫ್ ದಿ ಫ್ಲೈಸ್' ಕಾದಂಬರಿ ಬಗ್ಗೆ ನಾಲ್ಕು ಸಾಲು ಬರೆದು, ಯಾರಾದರೂ ಓದಿದ್ದೀರಾ ಅಂತ ಸುಮ್ನೆ ಕೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ.

ಓದದವರಿಗೆ ಕಥೆ ಇಷ್ಟು. ಯುದ್ಧದ ಕಾಲ. ಇಂಗ್ಲಿಷ್ ಹುಡುಗರನ್ನು ಹೊತ್ತ ವಿಮಾನ ಒಂದು ದ್ವೀಪದ ಮೇಲೆ ಬೀಳುತ್ತದೆ. ದೊಡ್ಡವರು ಯಾರೂ ಉಳಿಯುವುದಿಲ್ಲ. ರಾಲ್ಫ್ ಎಂಬ ಹುಡುಗ ನಾಯಕನಾಗುತ್ತಾನೆ, ಪಿಗ್ಗಿ ಎಂಬ ದಪ್ಪ ಹುಡುಗ ಅವನಿಗೆ ಬುದ್ಧಿ ಹೇಳುತ್ತಾನೆ, ಜ್ಯಾಕ್ ಎಂಬುವನು ಬೇಟೆಯ ಗುಂಪು ಕಟ್ಟಿಕೊಂಡು ಬೇರೆಯಾಗುತ್ತಾನೆ. ಆಮೇಲೆ ಕೊಲೆಗಳಾಗುತ್ತವೆ. ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲೇ ಪುಟ ತಿರುವಿಬಿಡಿ, ಯಾಕಂದರೆ ಮುಂದೆ ನಾನು ಏನನ್ನೂ ಮುಚ್ಚಿಡುವುದಿಲ್ಲ.

ಮೇಡಂ, ನಾನು ಬಿಎ ಎರಡನೇ ವರ್ಷ. ಶಂಖ ಅಂದ್ರೆ ಪ್ರಜಾಪ್ರಭುತ್ವ, ಚಸ್ಮಾ ಅಂದ್ರೆ ವಿಜ್ಞಾನ, ಹಂದಿ ತಲೆ ಅಂದ್ರೆ ಸೈತಾನ ಅಂತ ಗೈಡಿನಲ್ಲಿದೆ. ಬಾಯಿಪಾಠ ಮಾಡಿ ಬರೆದೆ, ಮಾರ್ಕ್ಸೂ ಬಂತು. ಆದರೆ ಒಂದು ಚಿಪ್ಪಿಗೆ ಅಧಿಕಾರ ಎಲ್ಲಿಂದ ಬಂತು ಅನ್ನೋದು ಇನ್ನೂ ತಿಳಿದಿಲ್ಲ.
(ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ)

ಮಾರ್ಕ್ಸ್ ಬಂತಲ್ಲ ತಂಗಿ, ಅಲ್ಲಿಗೆ ಗೈಡಿನ ಕೆಲಸ ಮುಗೀತು. ಇನ್ನು ಅದನ್ನು ರದ್ದಿಗೆ ಹಾಕು, ಕಾದಂಬರಿ ತೆಗೆ. 'ಇದು ಅಂದ್ರೆ ಅದು' ಅನ್ನುವ ಲೆಕ್ಕದಲ್ಲಿ ಶಂಖಕ್ಕೆ ಮೊದಲಿಂದ ಕೊನೆವರೆಗೂ ಒಂದೇ ಅರ್ಥ. ಕಥೆಯಲ್ಲಿ ಹಾಗಿಲ್ಲ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರದ ಹಾಗೆ ಅದರ ಬೆಲೆ ಏರುತ್ತದೆ, ಇಳಿಯುತ್ತದೆ, ಒಂದು ದಿನ ಕೇಳುವವರೇ ಇರುವುದಿಲ್ಲ.

ಶುರು ಎಲ್ಲಿಂದ ನೋಡು. ನೀರಿನ ಪಾಚಿಯಲ್ಲಿ ಬಿದ್ದಿದ್ದ ಶಂಖವನ್ನು ರಾಲ್ಫ್ ಎತ್ತುತ್ತಾನೆ. ಅದು ಏನು ಅಂತ ಗೊತ್ತಿರುವುದು ಪಿಗ್ಗಿಗೆ. ಅವನಿಗೆ ಗೊತ್ತಿದ್ದ ಒಬ್ಬ ಹುಡುಗನ ಮನೆಯಲ್ಲಿ ಅಂಥದ್ದೊಂದು ಇತ್ತಂತೆ, ಅವನು ಊದಿದರೆ ಅವನ ಅಮ್ಮ ಬರುತ್ತಿದ್ದಳಂತೆ. ಈ ಮಾತನ್ನು ಗೈಡಿನವರು ಬಿಟ್ಟೇ ಬಿಡುತ್ತಾರೆ. ಪ್ರಜಾಪ್ರಭುತ್ವ ಆಮೇಲಿನ ಮಾತು, ಮೊದಲಿಗೆ ಅದು ಅಮ್ಮನನ್ನು ಕರೆಯುವ ವಸ್ತು. ಪಿಗ್ಗಿಗೆ ಆಸ್ತಮಾ, ಊದಲು ಆಗುವುದಿಲ್ಲ. ಹೊಟ್ಟೆಯಿಂದ ಊದಬೇಕು ಅಂತ ಹೇಳಿಕೊಡುತ್ತಾನೆ. ರಾಲ್ಫ್ ಮೊದಲ ಸಲ ಊದಿದಾಗ ಬರುವುದು ಹೂಸಿನಂಥ ಸದ್ದು, ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಸರಿಯಾದ ನಾದ ಬರುತ್ತದೆ, ಕಾಡಿನೊಳಗಿಂದ ಹುಡುಗರು ಒಬ್ಬೊಬ್ಬರಾಗಿ ಬರುತ್ತಾರೆ.

ಅಂದರೆ ತಿಳಿದವನು ಒಬ್ಬ, ಊದಿದವನು ಇನ್ನೊಬ್ಬ. ನಾಯಕನಾದವನು ಊದಿದವನು. ನಮ್ಮಲ್ಲಿ ಗಾದೆಯೇ ಇದೆಯಲ್ಲ, ಶಂಖದಿಂದ ಬಂದರೆ ತೀರ್ಥ ಅಂತ. ನೀರು ಅದೇ ನೀರು. ನಮ್ಮ ಹಿರಿಯರು ಇದನ್ನು ಚುಚ್ಚಿ ಹೇಳಲು ಬಳಸುತ್ತಿದ್ದರು, ದೊಡ್ಡವರ ಬಾಯಿಂದ ಬಂದರೆ ಮಾತ್ರ ಮಾತಿಗೆ ಬೆಲೆ ಅಂತ. ಪಿಗ್ಗಿಯ ಪಾಡು ಅದೇ. ದ್ವೀಪದಲ್ಲಿ ಬುದ್ಧಿವಂತಿಕೆಯ ಮಾತೆಲ್ಲ ಅವನದೇ, ಆದರೆ ಅದು ರಾಲ್ಫನ ಬಾಯಿಂದ ಬರಬೇಕು. ಸಭೆಯಲ್ಲಿ ಶಂಖ ಹಿಡಿದವನೇ ಮಾತಾಡಬೇಕು ಅಂತ ನಿಯಮ, ಆದರೆ ಅವನ ಕೈಯಲ್ಲಿ ಶಂಖ ಇದ್ದಾಗಲೂ ಹುಡುಗರು ನಗುತ್ತಾರೆ.

ನಾಯಕ ಯಾರಾಗಬೇಕು ಅಂದಾಗ ಜ್ಯಾಕ್ ಹೇಳುವ ಕಾರಣ ಕೇಳಿದರೆ ನಗು ಬರುತ್ತದೆ. ತಾನು ಚರ್ಚಿನ ಭಜನಾ ತಂಡದ ಮುಖ್ಯಸ್ಥ, ಹೆಚ್ಚಿನ ಸ್ವರ ಮುಟ್ಟಿ ಹಾಡಬಲ್ಲೆ, ಹಾಗಾಗಿ ನಾಯಕ ತಾನೇ ಆಗಬೇಕಂತೆ! ಕೈ ಎತ್ತಿಸಿದಾಗ ರಾಲ್ಫ್ ಗೆಲ್ಲುತ್ತಾನೆ. ಎಲ್ಲರೂ ಇಲ್ಲಿಗೇ ಓದಿ ನಿಲ್ಲಿಸುತ್ತಾರೆ. ನೀನು ಮುಂದಿನದು ನೋಡು. ಸೋತ ಜ್ಯಾಕನ ಮುಖ ಕೆಂಪಾಗಿದ್ದು ನೋಡಿ ರಾಲ್ಫ್, ಭಜನಾ ತಂಡ ನಿನ್ನದೇ ಅಂದುಬಿಡುತ್ತಾನೆ. ಆ ತಂಡವೇ ಬೇಟೆಗಾರರ ಗುಂಪಾಗುವುದು. ಶಂಖ ಒಬ್ಬನ ಕೈಗೆ, ಈಟಿ ಇನ್ನೊಬ್ಬನ ಕೈಗೆ, ಅದೂ ಮೊದಲ ದಿನವೇ, ಅದೂ ಒಳ್ಳೆಯತನದಿಂದ. ಮುಂದಿನ ಎಲ್ಲಾ ಅನಾಹುತಕ್ಕೆ ಬೀಜ ಬಿದ್ದಿದ್ದು ಈ ಸೌಜನ್ಯದಲ್ಲಿ ಅಂತ ನನಗನಿಸುತ್ತದೆ.

ಇನ್ನು ನಿನ್ನ ಪ್ರಶ್ನೆ, ಅಧಿಕಾರ ಎಲ್ಲಿಂದ ಬಂತು. ನನ್ನ ಸಾಲಿಯ ಒಂದು ಮಾತು ಹೇಳುತ್ತೇನೆ. ನಾನು ಓದಿದ್ದು ಹುಬ್ಬಳ್ಳಿಯಲ್ಲಿ. ರೈಲ್ವೆಯ ಊರು, ಹಾಗಾಗಿ ನಮ್ಮ ಸಾಲಿಯ ಗಂಟೆ ಅಂದರೆ ಬೇವಿನ ಮರಕ್ಕೆ ನೇತು ಹಾಕಿದ ಒಂದು ಮೊಳದ ರೈಲು ಹಳಿ. ಏಳನೇ ತರಗತಿಯಲ್ಲಿ ಮಾಸ್ತರು ರಜೆ ಇದ್ದ ದಿನ ಮಾನಿಟರ್ ಕೈಗೆ ಒಂದು ಸೀಮೆಸುಣ್ಣ ಕೊಡುತ್ತಿದ್ದರು. ಮಾತಾಡಿದವರ ಹೆಸರು ಹಲಗೆ ಮೇಲೆ ಬರೆಯಬೇಕು. ಬೆರಳುದ್ದದ ಸುಣ್ಣದ ತುಂಡಿಗೆ ಐವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಒಂದು ದಿನ ಅವನು ತನಗೆ ಪೇರಲ ಕೊಡದ ಇಬ್ಬರ ಹೆಸರನ್ನು, ಅವರು ಪಿಟ್ಟೆನ್ನದಿದ್ದರೂ ಬರೆದ. ಹಿಂದಿನ ಬೆಂಚಿನವನೊಬ್ಬ ಎದ್ದು ಹೋಗಿ ಅಂಗಿಯ ತೋಳಿನಿಂದ ಆ ಹೆಸರು ಒರೆಸಿದ. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ. ಮಾನಿಟರ್ ಅದೇ ಸುಣ್ಣ ಹಿಡಿದು ನಿಂತಿದ್ದ, ಆದರೆ ಆ ದಿನದಿಂದ ಅವನ ಕೈಯಲ್ಲಿ ಇದ್ದದ್ದು ಬರೀ ಸುಣ್ಣ. ನಾವೆಲ್ಲ ಗದ್ದಲ ಮಾಡಿದೆವು, ನಾನೂ ಮಾಡಿದೆ.

ರಾಲ್ಫನಿಗೆ ಇದು ಗೊತ್ತು. ಐದನೇ ಅಧ್ಯಾಯದಲ್ಲಿ ಸಭೆ ಒಡೆದು ಹುಡುಗರೆಲ್ಲ ಕತ್ತಲೆಯಲ್ಲಿ ಕೂಗುತ್ತಾ ಓಡಿಹೋಗುತ್ತಾರೆ. ಶಂಖ ಊದು, ಕರೆ ಅವರನ್ನ ಅಂತ ಪಿಗ್ಗಿ ಗೋಗರೆಯುತ್ತಾನೆ. ರಾಲ್ಫ್ ಊದುವುದಿಲ್ಲ. ಊದಿದ ಮೇಲೂ ಅವರು ಬರದಿದ್ದರೆ? ಆಗ ಎಲ್ಲಾ ಮುಗಿದಂತೆ ಅನ್ನುತ್ತಾನೆ. ಇಡೀ ಕಾದಂಬರಿಯಲ್ಲಿ ಅಧಿಕಾರದ ಬಗ್ಗೆ ಇದಕ್ಕಿಂತ ಖರೆ ಮಾತು ನನಗೆ ಸಿಕ್ಕಿಲ್ಲ. ಶಂಖದ ಬಲ ಅದನ್ನು ಕೇಳಿ ಬರುವ ಕಾಲುಗಳಲ್ಲಿ ಇತ್ತು. ಕಾಲುಗಳು ಬರುತ್ತವೋ ಇಲ್ಲವೋ ಅಂತ ಅನುಮಾನ ಬಂದ ಗಳಿಗೆಯಿಂದ ಅವನು ಅದನ್ನು ಜೋಪಾನ ಮಾಡುತ್ತಾನೆಯೇ ಹೊರತು ಬಳಸುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ರಾತ್ರಿ ಜ್ಯಾಕ್‌ನ ಗುಂಪು ಗುಡಿಸಲಿಗೆ ನುಗ್ಗುತ್ತದೆ. ಶಂಖಕ್ಕೇ ಬಂದರು ಅಂದುಕೊಳ್ಳುತ್ತಾನೆ ಪಿಗ್ಗಿ. ಅವರು ಶಂಖವನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಬೆಂಕಿ ಹಚ್ಚಲು ಅವನ ಚಸ್ಮಾ ಕಸಿದುಕೊಂಡು ಹೋಗುತ್ತಾರೆ. ಕದಿಯಲೂ ಬೇಡವಾಯಿತು ನೋಡು! ಮುಂದೆ ಜ್ಯಾಕ್‌ನ ಗುಂಪಿನ ರೋಜರ್ ಬಂಡೆ ಉರುಳಿಸಿದಾಗ ಪಿಗ್ಗಿ ಸಾಯುತ್ತಾನೆ, ಅವನ ಕೈಯಲ್ಲಿದ್ದ ಶಂಖ ಚೂರುಚೂರಾಗುತ್ತದೆ. ಕೊನೆಯವರೆಗೂ ಅದನ್ನು ನಂಬಿದವನು, ಒಮ್ಮೆಯೂ ಊದಲಾಗದವನು ಅವನೊಬ್ಬನೇ.

ನನ್ನದು ಚಸ್ಮಾ ಅಂಗಡಿ. ಪಿಗ್ಗಿಗೆ ದೂರದ್ದು ಕಾಣಲ್ಲ ಅಂತ ಪುಸ್ತಕದಲ್ಲಿದೆ. ಹಾಗಿದ್ರೆ ಅದು ಮೈನಸ್ ನಂಬರ್ ಅಲ್ವಾ? ಅದರಿಂದ ಬೆಂಕಿ ಹೇಗೆ ಹತ್ತುತ್ತೆ ರೀ?
(ಓದುಗರು, ಗದಗ)

ಹತ್ತುವುದಿಲ್ಲ. ನೀವು ಹೇಳಿದ್ದೇ ಸರಿ. ಮೈನಸ್ ಗಾಜು ನಡುವೆ ತೆಳ್ಳಗೆ, ಬಿಸಿಲನ್ನು ಚದುರಿಸುತ್ತದೆ. ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸುವುದು ಪ್ಲಸ್ ನಂಬರ್. ಅಜ್ಜನ ಚಾಳೀಸು ಕದ್ದು ಕಾಗದ ಸುಟ್ಟ ಮಕ್ಕಳಿಗೆಲ್ಲ ಇದು ಗೊತ್ತು. ಗೋಲ್ಡಿಂಗ್ ಅವರ ಈ ತಪ್ಪು ಬಹಳ ಪ್ರಸಿದ್ಧ. ಅದರಿಂದ ಕಥೆ ಕೆಡಲಿಲ್ಲ, ಆದರೆ ಚಸ್ಮಾ ಅಂದ್ರೆ ವಿಜ್ಞಾನ ಅಂತ ಬರೆಯುವ ಗೈಡಿನವರು ಒಮ್ಮೆ ನಿಮ್ಮ ಅಂಗಡಿಗೆ ಬಂದು ಹೋಗಬೇಕು.

ಜ್ಯಾಕ್ ಮುಖಕ್ಕೆ ಬಣ್ಣ ಹಚ್ಚಿಕೊಂಡ ಕೂಡಲೇ ಬದಲಾಗಿಬಿಡ್ತಾನೆ. ಬಣ್ಣದಿಂದ ಮನುಷ್ಯ ಅಷ್ಟು ಬದಲಾಗ್ತಾನಾ? ನನಗ್ಯಾಕೋ ನಂಬಿಕೆ ಬರಲಿಲ್ಲ.
(ಓದುಗರು, ಕೇಶ್ವಾಪುರ, ಹುಬ್ಬಳ್ಳಿ)

ಹುಬ್ಬಳ್ಳಿಯಲ್ಲಿದ್ದುಕೊಂಡು ಈ ಪ್ರಶ್ನೆ ಕೇಳುತ್ತೀರಲ್ಲ! ರಂಗಪಂಚಮಿ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮನೆಯಿಂದ ಹೊರಗೆ ಬನ್ನಿ. ಕಾಮಣ್ಣನ ಮುಂದೆ ಹಲಗಿ ಬಡಿಯುತ್ತಿರುತ್ತಾರೆ. ಮುಖದ ತುಂಬ ಬೆಳ್ಳಿ ಬಣ್ಣ ಮೆತ್ತಿಕೊಂಡ ಹುಡುಗರು, ಕಣ್ಣು ಹಲ್ಲು ಮಾತ್ರ ಕಾಣುತ್ತವೆ. ಒಂದು ವರ್ಷ ನಮ್ಮ ಓಣಿಯ ಹುಡುಗನೊಬ್ಬ, ದಿನಾ ನನ್ನನ್ನು ಕಂಡರೆ ಸೈಕಲ್ ಇಳಿದು ನಮಸ್ಕಾರ ಮಾಡುವವನು, ಅದೇ ಬೆಳ್ಳಿ ಮುಖದಲ್ಲಿ ನನ್ನ ದಾರಿಗೆ ಅಡ್ಡ ನಿಂತು ಬಾಯಿ ಬಡಿದುಕೊಂಡ. ನಾನು ದನಿಯಿಂದ ಗುರುತು ಹಿಡಿದು ಅವನ ಹೆಸರು ಕೂಗಿದೆ. ಅಷ್ಟೇ ರೀ, ಹೆಗಲು ಇಳಿದುಹೋಯಿತು. "ಅಕ್ಕಾರ, ನೀವಾ?" ಅಂದ. ಬಣ್ಣ ಹಾಗೇ ಇತ್ತು, ಒಳಗಿದ್ದವನು ವಾಪಸ್ ಬಂದಿದ್ದ.

ಹಬ್ಬವನ್ನು ಬೈಯುತ್ತಿಲ್ಲ, ತಪ್ಪು ತಿಳಿಯಬೇಡಿ. ಹಬ್ಬದ ಬಣ್ಣಕ್ಕೆ ಮಧ್ಯಾಹ್ನದ ಸ್ನಾನ ಅಂತ ಒಂದು ಗಡುವು ಇದೆ. ಜ್ಯಾಕ್‌ಗೆ ಅದಿಲ್ಲ. ಬಿಳಿ ಮಣ್ಣು, ಕೆಂಪು ಮಣ್ಣು, ಇದ್ದಿಲಿನ ಒಂದು ಗೀರು, ಆಮೇಲೆ ತೆಂಗಿನ ಚಿಪ್ಪಿನ ನೀರಲ್ಲಿ ಮುಖ ನೋಡಿಕೊಳ್ಳುತ್ತಾನೆ. ಅಲ್ಲಿ ಕಂಡಿದ್ದು ಅವನಿಗೇ ಗುರುತಿಲ್ಲದ ಮುಖ. ನಾಚಿಕೆ ಅನ್ನುವುದು ಗುರುತಿರುವ ಮುಖಕ್ಕೆ ಮಾತ್ರ. ಮುಂದೆ ಆ ಗುಂಪಿನಲ್ಲಿ ಅವನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಬರೀ ನಾಯಕ ಅನ್ನುತ್ತಾರೆ.

ಆದರೆ ನಿಮಗೆ ನಂಬಿಕೆ ಬರದಿದ್ದರೆ ರೋಜರ್‌ನನ್ನು ನೋಡಿ. ಅವನಿಗೆ ಬಣ್ಣವೂ ಬೇಕಾಗಿಲ್ಲ. ಬಣ್ಣ ಬರುವುದಕ್ಕೂ ಮುಂಚೆ, ಹೆನ್ರಿ ಎಂಬ ಪುಟ್ಟ ಹುಡುಗ ನೀರಿನ ಅಂಚಲ್ಲಿ ಆಡುತ್ತಿರುವಾಗ ರೋಜರ್ ಮರದ ಹಿಂದೆ ನಿಂತು ಕಲ್ಲು ಎಸೆಯುತ್ತಾನೆ. ತಾಗುವ ಹಾಗಲ್ಲ, ಬೇಕಂತಲೇ ತಪ್ಪಿಸಿ. ಹುಡುಗನ ಸುತ್ತ ಆರು ಗಜದ ಒಂದು ವೃತ್ತ, ಅದರೊಳಗೆ ಕಲ್ಲು ಎಸೆಯಲು ಅವನಿಗೆ ಧೈರ್ಯ ಬರುವುದಿಲ್ಲ. ಅಪ್ಪ ಅಮ್ಮ, ಸಾಲಿ, ಪೊಲೀಸರು, ಕಾನೂನು ಎಲ್ಲ ಆ ವೃತ್ತದಲ್ಲಿ ನಿಂತಿವೆ ಅಂತ ಗೋಲ್ಡಿಂಗ್ ಬರೆಯುತ್ತಾರೆ. ಕಣ್ಣಿಗೆ ಕಾಣದ ಗೆರೆ. ಮುಂದೆ ಪಿಗ್ಗಿಯ ಮೇಲೆ ಬಂಡೆ ನೂಕುವವನೂ ಇವನೇ. ಮೊದಲ ಕಲ್ಲಿನಿಂದ ಆ ಬಂಡೆಯವರೆಗೆ ಆ ಗೆರೆ ಹೇಗೆ ಅಳಿಸಿಕೊಂಡು ಬಂತು ಅಂತ ಬೆರಳಿಟ್ಟು ಓದಿ. ನನಗೆ ಜ್ಯಾಕ್‌ನಿಗಿಂತ ರೋಜರ್ ಭಯ ಜಾಸ್ತಿ. ಜ್ಯಾಕ್‌ಗೆ ಕುರ್ಚಿ ಬೇಕು. ರೋಜರ್‌ಗೆ ಬೇಕಾಗಿದ್ದು ಯಾರೂ ಬೇಡ ಅನ್ನದ ಒಂದು ಜಾಗ ಮಾತ್ರ.

ಕ್ರೌರ್ಯಕ್ಕೆ 'ಕಾಡುತನ' ಅಂತ ಯಾಕೆ ಬರೆಯುತ್ತೀರಿ? ನಮ್ಮೂರ ಪಕ್ಕವೇ ಅಡವಿ. ಅಡವಿಯ ಜನರಲ್ಲಿ ನಾನು ಅಂಥ ಕ್ರೌರ್ಯ ಕಂಡಿಲ್ಲ. ಸಿಟ್ಟಾಗಬೇಡಿ ಮೇಡಂ.
(ಓದುಗರು, ಕಲಘಟಗಿ ತಾಲ್ಲೂಕು)

ಸಿಟ್ಟು ಯಾಕೆ, ತಪ್ಪು ನನ್ನದೇ. ಹೋದ ಸಲ ಅವಸರದಲ್ಲಿ ಆ ಪದ ಬಂತು. ಪುಸ್ತಕದಲ್ಲೂ ಈ ದೋಷ ಇದೆ. ಬಣ್ಣ ಬಳಿದ ಹುಡುಗರನ್ನು ಬುಡಕಟ್ಟಿನವರಿಗೆ ಹೋಲಿಸುವ ಮಾತುಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. 1954ರಲ್ಲಿ ಒಬ್ಬ ಇಂಗ್ಲಿಷ್ ಮಾಸ್ತರನಿಗೆ ಅದು ತಪ್ಪು ಅನಿಸಿರಲಿಕ್ಕಿಲ್ಲ, ಇವತ್ತು ಓದುವಾಗ ಚುಚ್ಚುತ್ತದೆ.

ಆದರೆ ಕಥೆ ತನ್ನ ಪದಗಳಿಗಿಂತ ಜಾಣ. ಈ ಹುಡುಗರು ದ್ವೀಪದಲ್ಲಿ ಯಾವ ಬುಡಕಟ್ಟನ್ನೂ ನೋಡಲಿಲ್ಲ, ಅಲ್ಲಿ ಯಾರೂ ಇರಲೇ ಇಲ್ಲ. ಬೇಟೆಗಾರರಾದವರು ಚರ್ಚಿನ ಹಾಡುಗಾರರು. ಬಿಸಿಲಲ್ಲಿ ಕರಿ ನಿಲುವಂಗಿ ತೊಟ್ಟು, ಎದೆ ಮೇಲೆ ಶಿಲುಬೆಯ ಗುರುತು ಇಟ್ಟುಕೊಂಡು, ಎರಡು ಸಾಲಾಗಿ ಕವಾಯತು ಮಾಡುತ್ತಾ ಬಂದವರು. ಒಬ್ಬ ಹೇಳಿದರೆ ಉಳಿದವರು ಸಾಲು ನಿಲ್ಲುವ ಅಭ್ಯಾಸ ಅವರಿಗೆ ಊರಿನಿಂದಲೇ ಬಂದಿತ್ತು. ಕೊನೆಯಲ್ಲಿ ಅವರನ್ನು ಕಾಪಾಡಲು ಬರುವ ನೌಕಾಪಡೆಯ ಅಧಿಕಾರಿ, ಬ್ರಿಟಿಷ್ ಹುಡುಗರು ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳಬೇಕಿತ್ತು ಅನ್ನುತ್ತಾನೆ. ಅವನ ಹಿಂದೆ ನಿಂತಿರುವುದು ಯುದ್ಧನೌಕೆ. ಅವನೂ ಬೇಟೆಯ ಮಧ್ಯೆಯೇ ಇಳಿದು ಬಂದವನು, ಅವನ ಬಟ್ಟೆಗೆ ಇಸ್ತ್ರಿ ಇದೆ ಅಷ್ಟೇ.

ಗೋಲ್ಡಿಂಗ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು, 1944ರ ನಾರ್ಮಂಡಿ ದಾಳಿಯಲ್ಲಿ ಒಂದು ಹಡಗಿನ ಹೊಣೆ ಹೊತ್ತಿದ್ದವರು. ಯುದ್ಧ ಮುಗಿದ ಮೇಲೆ ಸಾಲಿಸ್‌ಬರಿಯ ಗಂಡುಹುಡುಗರ ಸಾಲಿಯಲ್ಲಿ ಮತ್ತೆ ಪಾಠಕ್ಕೆ ನಿಂತರು. ಅವರು ಕಂಡ ಕ್ರೌರ್ಯ ಯಾವ ಅಡವಿಯದೂ ಅಲ್ಲ. ಅದಕ್ಕೂ ಸುಮಾರು ನೂರು ವರ್ಷ ಮುಂಚೆ, 1857ರಲ್ಲಿ, 'ದಿ ಕೋರಲ್ ಐಲ್ಯಾಂಡ್' ಅಂತ ಒಂದು ಮಕ್ಕಳ ಕಥೆ ಬಂದಿತ್ತು. ಅದರಲ್ಲಿ ಮೂವರು ಇಂಗ್ಲಿಷ್ ಹುಡುಗರು ದ್ವೀಪದಲ್ಲಿ ಬಹಳ ಸಭ್ಯರಾಗಿರುತ್ತಾರೆ, ಕೆಟ್ಟತನವೆಲ್ಲ ಹೊರಗಿನಿಂದ ಬಂದವರದು. ಆ ಹುಡುಗರಲ್ಲಿ ಇಬ್ಬರ ಹೆಸರು ರಾಲ್ಫ್ ಮತ್ತು ಜ್ಯಾಕ್. ಗೋಲ್ಡಿಂಗ್ ಬೇಕಂತಲೇ ಅದೇ ಹೆಸರು ಎತ್ತಿಕೊಂಡರು. ನಿಮ್ಮ ಜಗಳವನ್ನು ಅರ್ಧ ಅವರೇ ಆಡಿದ್ದಾರೆ ಅನ್ನಿ.

ಪುಸ್ತಕದ ಹೆಸರು ನೊಣಗಳ ಒಡೆಯ ಅಂತ. ಆ ಮೃಗ ಕೊನೆಗೂ ಇತ್ತಾ ಇಲ್ಲವಾ ಅಂತ ನನ್ನ ಒಂಬತ್ತನೇ ತರಗತಿ ಮಕ್ಕಳು ಕೇಳಿದರು. ನನಗೂ ಹೇಳಲು ಬರಲಿಲ್ಲ.
(ಶಿಕ್ಷಕರು, ಹಾವೇರಿ)

ನೊಣಗಳ ಒಡೆಯ ಅಂದರೆ ಬೀಲ್ಜೆಬಬ್, ಬೈಬಲಿನ ಸೈತಾನನ ಹೆಸರು. ಹೀಬ್ರೂ ಮೂಲದ ಆ ಹೆಸರಿನ ಅರ್ಥವನ್ನೇ ಪುಸ್ತಕಕ್ಕೆ ಇಟ್ಟಿದ್ದಾರೆ. ಮೊದಲು ಇಟ್ಟಿದ್ದ ಹೆಸರು ಬೇರೆ, 'ಒಳಗಿನ ಅಪರಿಚಿತರು' ಅನ್ನಬಹುದು ಕನ್ನಡದಲ್ಲಿ. ಆ ಹೆಸರಿನಲ್ಲೇ ನಿಮ್ಮ ಮಕ್ಕಳಿಗೆ ಉತ್ತರ ಇತ್ತು, ಪ್ರಕಾಶಕರು ಬದಲಾಯಿಸಿದರು. ಒಳ್ಳೆಯದೇ ಆಯಿತು, ಹೆಸರಲ್ಲೇ ಗುಟ್ಟು ಬಿಟ್ಟುಕೊಟ್ಟರೆ ಏನು ಚೆಂದ.

ದ್ವೀಪದ ಹುಡುಗರು ಮೃಗ ಅಂತ ಹೆದರಿದ್ದು ಬೆಟ್ಟದ ಮೇಲೆ ಬಿದ್ದಿದ್ದ ಪ್ಯಾರಾಚೂಟ್ ಸೈನಿಕನ ಹೆಣಕ್ಕೆ. ಗಾಳಿ ಬೀಸಿದರೆ ಹಗ್ಗ ಬಿಗಿದು ಹೆಣ ಎದ್ದು ಕೂರುತ್ತದೆ, ಗಾಳಿ ನಿಂತರೆ ಬಾಗುತ್ತದೆ. ಅದನ್ನು ಹತ್ತಿರ ಹೋಗಿ ನೋಡಿದವನು ಸೈಮನ್ ಎಂಬ ಹುಡುಗ ಒಬ್ಬನೇ. ಹಗ್ಗ ಬಿಡಿಸಿ, ಮೃಗ ಇಲ್ಲ ಅಂತ ಹೇಳಲು ಮಳೆಯಲ್ಲಿ ತೆವಳಿಕೊಂಡು ಕೆಳಗೆ ಬರುತ್ತಾನೆ. ಕೆಳಗೆ ಕುಣಿತ ನಡೆದಿರುತ್ತದೆ, ಹೊಡಿ ಕೊಲ್ಲು ಅಂತ ಹಾಡು. ಅವನನ್ನೇ ಮೃಗ ಅಂದುಕೊಂಡು ಕೊಲ್ಲುತ್ತಾರೆ. ಆ ಸುತ್ತಿನಲ್ಲಿ ರಾಲ್ಫ್ ಮತ್ತು ಪಿಗ್ಗಿಯೂ ಇದ್ದರು ಅನ್ನುವುದನ್ನು ಮಕ್ಕಳಿಗೆ ಮರೆಯದೆ ಹೇಳಿ. ಬೆಳಿಗ್ಗೆ ಪಿಗ್ಗಿ, ನಾವು ಹೊರಗಡೆ ಇದ್ದೆವು, ಕತ್ತಲಿತ್ತು, ಏನೂ ಕಾಣಲಿಲ್ಲ ಅಂತ ಸಬೂಬು ಹೇಳುತ್ತಾನೆ.

ಇನ್ನು ಆ ಹಂದಿಯ ತಲೆ. ಮರಿಗಳಿಗೆ ಹಾಲೂಡುತ್ತಿದ್ದ ಹೆಣ್ಣುಹಂದಿಯನ್ನು ಕೊಂದು, ತಲೆಯನ್ನು ಕೋಲಿಗೆ ಸಿಕ್ಕಿಸಿ ಮೃಗಕ್ಕೆ ಎಡೆ ಇಡುತ್ತಾರೆ. ಕೋಲಿನ ಎರಡೂ ತುದಿ ಚೂಪು, ಒಂದು ನೆಲಕ್ಕೆ, ಒಂದು ತಲೆಗೆ. ಕೊನೆಯ ಅಧ್ಯಾಯದ ಹೊತ್ತಿಗೆ ರೋಜರ್ ಮತ್ತೊಂದು ಕೋಲನ್ನು ಎರಡೂ ಕಡೆ ಚೂಪು ಮಾಡಿ ಇಟ್ಟಿರುತ್ತಾನೆ. ಯಾಕೆ ಅಂತ ಗೋಲ್ಡಿಂಗ್ ಬಿಡಿಸಿ ಹೇಳುವುದಿಲ್ಲ. ರಾಲ್ಫ್‌ಗೂ ಮೊದಲು ಅರ್ಥವಾಗುವುದಿಲ್ಲ. ನಿಮ್ಮ ಮಕ್ಕಳಿಗೆ ಕೇಳಿ ನೋಡಿ, ಯಾರಿಗೆ ಹೊಳೆಯುತ್ತದೋ.

ಹತ್ತು ವರ್ಷದ ಮಗನಿಗೆ ಕೊಡಬಹುದಾ?
(ತಾಯಿ, ವಿದ್ಯಾನಗರ, ಹುಬ್ಬಳ್ಳಿ)

ಬೇಡ. ಇನ್ನೂ ನಾಲ್ಕು ವರ್ಷ ತಡೆಯಿರಿ, ಅದೂ ನೀವು ಮೊದಲು ಓದಿ.

ನಾನು ಹಾಸ್ಟೆಲ್ ವಾರ್ಡನ್. ಹುಡುಗರನ್ನು ಅವರಷ್ಟಕ್ಕೆ ಬಿಟ್ಟರೆ ಹೀಗೇ ಆಗ್ತಾರೆ ಅಂತ ಈ ಪುಸ್ತಕ ತೋರಿಸಿ ಮಾತಾಡ್ತಾರೆ. ನನಗೆ ಹಾಗನಿಸಲ್ಲ. ನಿಮ್ಮ ಅಭಿಪ್ರಾಯ?
(ಓದುಗರು, ಬೆಟಗೇರಿ, ಗದಗ)

ನನಗೂ ಹಾಗನಿಸುವುದಿಲ್ಲ. ಕಾದಂಬರಿ ಒಂದು ಭಯ, ಅದನ್ನು ಸಾಕ್ಷಿ ಅಂತ ಕೋರ್ಟಿಗೆ ತರಬಾರದು. ನಿಮಗೆ ಒಂದು ನಿಜವಾದ ಘಟನೆ ಹೇಳುತ್ತೇನೆ, ಇದೂ ಹಾಸ್ಟೆಲ್ ಹುಡುಗರದೇ.

1965ರಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದೇಶದಲ್ಲಿ ಆರು ಹುಡುಗರು ವಸತಿ ಶಾಲೆ ಬೇಸರವಾಗಿ ಒಂದು ದೋಣಿ ತಗೊಂಡು ಓಡಿಹೋದರು. ಬಿರುಗಾಳಿಗೆ ಹಾಯಿ ಹರಿಯಿತು, ಚುಕ್ಕಾಣಿ ಮುರಿಯಿತು. ಎಂಟು ದಿನ ತೇಲಿ 'ಆಟಾ ಎಂಬ ಖಾಲಿ ದ್ವೀಪ ಸೇರಿದರು. ಹದಿನೈದು ತಿಂಗಳು ಅಲ್ಲೇ ಇದ್ದರು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಪಾಳಿ ಹಚ್ಚಿದ್ದು. ಇಬ್ಬಿಬ್ಬರ ಜೋಡಿ, ಅಡುಗೆಗೆ, ತೋಟಕ್ಕೆ, ಕಾವಲಿಗೆ. ಹೊತ್ತಿಸಿದ ಬೆಂಕಿಯನ್ನು ಒಂದು ದಿನವೂ ಆರಲು ಬಿಡಲಿಲ್ಲ. ಕಾದಂಬರಿಯಲ್ಲಿ, ಹಡಗಿನವರಿಗೆ ಹೊಗೆ ಕಾಣಲಿ ಅಂತ ಹಚ್ಚಿದ ಬೆಂಕಿ ಹಡಗು ಹಾದುಹೋಗುವ ಹೊತ್ತಿಗೆ ಆರಿರುತ್ತದೆ, ಯಾಕಂದರೆ ಪಾಳಿಯವರನ್ನು ಜ್ಯಾಕ್ ಹಂದಿ ಹೊಡೆಯಲು ಕರೆದುಕೊಂಡು ಹೋಗಿರುತ್ತಾನೆ, ನೆನಪಿದೆಯಾ? ಟೋಂಗಾದ ಹುಡುಗರಿಗೂ ಜಗಳ ಬರುತ್ತಿತ್ತು. ಜಗಳವಾಡಿದ ಇಬ್ಬರು ದ್ವೀಪದ ಎರಡು ಕಡೆಗೆ ಹೋಗಿ ಸಿಟ್ಟು ಇಳಿಯುವ ತನಕ ಇರಬೇಕು ಅಂತ ನಿಯಮ ಮಾಡಿಕೊಂಡರು. ಒಬ್ಬ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಉಳಿದವರು ಕೋಲು ಕಟ್ಟಿ ಕೂರಿಸಿ, ಅವನ ಪಾಲಿನ ಕೆಲಸ ತಾವೇ ಮಾಡಿದರು. ಕಾಲು ನೆಟ್ಟಗೆ ಕೂಡಿತು. ಇನ್ನೊಬ್ಬ ತೆಂಗಿನ ಚಿಪ್ಪು, ತೇಲಿಬಂದ ಕಟ್ಟಿಗೆ, ದೋಣಿಯ ತಂತಿ ಸೇರಿಸಿ ಗಿಟಾರ್ ಮಾಡಿಕೊಂಡ. ಜ್ಯಾಕ್ ಮುಖ ನೋಡಿಕೊಂಡ ತೆಂಗಿನ ಚಿಪ್ಪು ಇಲ್ಲಿ ಹಾಡಿಗೆ ಬಂತು.

ಈ ಆರು ಜನ ಒಂದೇ ಶಾಲೆಯವರು, ಮೊದಲೇ ಗೆಳೆಯರು, ಸಮುದ್ರ ಗೊತ್ತಿದ್ದವರು. ಗೋಲ್ಡಿಂಗ್ ಹುಡುಗರು ಹಾಗಲ್ಲ, ಭಜನಾ ತಂಡದವರನ್ನು ಬಿಟ್ಟರೆ ಹೆಚ್ಚಿನವರಿಗೆ ಒಬ್ಬರಿಗೊಬ್ಬರ ಹೆಸರೂ ಗೊತ್ತಿರಲಿಲ್ಲ. ಪುಟ್ಟ ಮಕ್ಕಳ ಹೆಸರು ಬರೆದುಕೊಳ್ಳಬೇಕು ಅಂತ ಪಿಗ್ಗಿ ಹೇಳುತ್ತಲೇ ಇದ್ದ, ಯಾರೂ ಬರೆಯಲಿಲ್ಲ. ಮುಖದ ಮೇಲೆ ಕೆಂಪು ಮಚ್ಚೆ ಇದ್ದ ಒಂದು ಮಗು ಮೊದಲ ಕಾಡ್ಗಿಚ್ಚಿನಲ್ಲಿ ಕಾಣೆಯಾದಾಗ ಏನಂತ ಕೂಗಿ ಹುಡುಕಬೇಕು ಅನ್ನುವುದೂ ಗೊತ್ತಿರಲಿಲ್ಲ. ನಿಮ್ಮ ಹಾಸ್ಟೆಲ್‌ನಲ್ಲಿ ಹಾಜರಿ ಪುಸ್ತಕ ಇದೆಯಲ್ಲ, ಅದನ್ನು ಕೂಗಿ ಹೇಳುವಾಗ ಇದನ್ನು ನೆನೆಸಿಕೊಳ್ಳಿ.

1966ರ ಸೆಪ್ಟೆಂಬರಿನಲ್ಲಿ ಪೀಟರ್ ವಾರ್ನರ್ ಎಂಬ ಆಸ್ಟ್ರೇಲಿಯಾದ ಹಡಗಿನವರು ಆ ಹುಡುಗರನ್ನು ಕಂಡು ಊರಿಗೆ ಕರೆತಂದರು. ಊರಲ್ಲಿ ಅವರು ಸತ್ತರು ಅಂತ ಕರ್ಮಾಂತರವೂ ಮುಗಿದಿತ್ತು. ದಡಕ್ಕೆ ಬಂದ ಮೇಲೆ ಪೊಲೀಸರು ಆರೂ ಜನರನ್ನು ಹಿಡಿದು ಒಳಗೆ ಹಾಕಿದರು. ದೋಣಿಯ ಮಾಲೀಕ ಕಳ್ಳತನದ ಕೇಸು ಹಾಕಿದ್ದ, ಹದಿನೈದು ತಿಂಗಳಾದರೂ ಅವನ ಸಿಟ್ಟು ಇಳಿದಿರಲಿಲ್ಲ. ವಾರ್ನರ್ ದೋಣಿಯ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದರು.